ನೀರು ಬರುವ ದಿನದ ಗುಳಿಗೆ

ಮೈಯೊಳಗಿನ ರಕ್ತ ಎಷ್ಟು ಕೆಂಪಗಿದೆ ಎಂಬುದು ಮುಂಗೈ ಮೇಲೆ ಎಲ್ಲರಿಗೂ ಕಾಣುವಂತಾದರೆ ಏನಾಗುತ್ತದೆ? ಬ್ಯಾಡಗಿಯಲ್ಲಿ ಏನಾಯಿತೆಂದು ಹೇಳುತ್ತೇನೆ. ಮೊದಮೊದಲು ಹೆಂಗಸರೆಲ್ಲ ನಕ್ಕರು. ಆಮೇಲೆ ಒಬ್ಬರ ಕೈ ಒಬ್ಬರು ಕದ್ದು ನೋಡತೊಡಗಿದರು. ತಿಂಗಳು ತುಂಬುವುದರೊಳಗೆ ಸೆರಗಿನಡಿ ಕೈ ಮುಚ್ಚಿಕೊಂಡು ಓಡಾಡುವವರು ಒಂದು ಕಡೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವರು ಇನ್ನೊಂದು ಕಡೆ ಎಂದು ಊರೇ ಎರಡಾಗಿತ್ತು.

ಅದರ ಹೆಸರು ರಕ್ತಬಳೆ. ಗಾಜಿನ ಬಳೆಯಂತೆಯೇ ಕಾಣುತ್ತಿತ್ತು. ಒಳಗಿದ್ದ ಸಣ್ಣ ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸಿ, ತಿರುಗಿ ಬಂದ ಬೆಳಕಿನಿಂದ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟು, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟು ಎಂದು ಲೆಕ್ಕ ಹಾಕುತ್ತಿತ್ತು. ಆ ಲೆಕ್ಕದ ಪ್ರಕಾರ ದಿನಾ ಬೆಳಗ್ಗೆ ತನ್ನ ಬಣ್ಣ ಬದಲಿಸುತ್ತಿತ್ತು. ಮೆಣಸಿನಕಾಯಿಯ ಬಣ್ಣ ಅಳೆಯುವ ಯಂತ್ರವನ್ನೇ ತಿದ್ದಿ ತೀಡಿ ಇದನ್ನು ಮಾಡಿದ್ದರಿಂದ ಪರೀಕ್ಷೆಗೂ ಈ ಊರನ್ನೇ ಆರಿಸಿಕೊಂಡಿದ್ದರು. ತಯಾರಿಸಿದ ರಕ್ತಸತ್ವ ಕೇಂದ್ರದವರು ಬಣ್ಣಗಳಿಗೆ ಅಂಕಿ ಕೊಟ್ಟಿದ್ದರು. ಮೆಣಸಿನಕಾಯಿ ಮಾರುಕಟ್ಟೆಯ ಹೆಂಗಸರಿಗೆ ಅಂಕಿ ಯಾಕೆ ಬೇಕು? ಕಡುಗೆಂಪಿಗೆ 'ಡಬ್ಬಿ' ಎಂದರು, ಅದಕ್ಕಿಂತ ಒಂದು ಕೈ ಕಡಿಮೆಯಿದ್ದುದಕ್ಕೆ 'ಕಡ್ಡಿ', ಇನ್ನೂ ತೆಳುವಾದುದಕ್ಕೆ 'ಗುಂಟೂರು'. ಬಣ್ಣವೇ ಹಿಡಿಯದ್ದು 'ಬಿಳಿಗಾಯಿ'. ಕಾಯಿಗಿದ್ದ ದರ್ಜೆ ಕೈಗೆ ಬಂತು.

ಕಸ್ತೂರೆವ್ವ ಅಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಒಂದು ಗುಂಪಿನ ಮುಂದಾಳು. ಅಂಗಡಿ ಮುಂದಿನ ಕಟ್ಟೆಯ ಮೇಲೆ ಅವಳ ಮಾತೇ ಮಾತು. ಯಾವ ರಾಶಿಗೆ ಯಾರು ಕೂಡಬೇಕು, ಯಾವ ಕಾಯಿ ಯಾವ ಚೀಲಕ್ಕೆ ಹೋಗಬೇಕು, ಚಹಾ ಯಾವಾಗ ಬರಬೇಕು ಎಂಬುದೆಲ್ಲ ಅವಳು ಹೇಳಿದ ಹಾಗೆ. ಅದು ಸುಮ್ಮನೆ ಬಂದದ್ದಲ್ಲ. ಕೆಮ್ಮುತ್ತ, ಸೀನುತ್ತ, ಉರಿಯುವ ಬೆರಳನ್ನು ಎಣ್ಣೆಯಲ್ಲಿ ಅದ್ದಿಕೊಳ್ಳುತ್ತ ಅವಳು ಸಂಪಾದಿಸಿದ ಜಾಗ. ಹೋದ ಹಂಗಾಮಿನಲ್ಲಿ ಪಕ್ಕದ ಗುಂಪಿನ ಮುಂದಾಳು ರಾಶಿಯ ಮೇಲೆ ನಿಂತಿದ್ದವಳು ತಲೆಸುತ್ತಿ ಬಿದ್ದು ಕೈ ಮುರಿದುಕೊಂಡಳು. ಆಮೇಲೆ ಅಂಗಡಿಯವರೆಲ್ಲ ಸೇರಿ ಒಂದು ನಿಯಮ ಮಾಡಿದರು. ಹೊಸ ಹಂಗಾಮು ಶುರುವಾಗುವ ದಿನ ಯಾರ ಬಳೆ ಹೆಚ್ಚು ಕೆಂಪೋ ಅವಳೇ ಗುಂಪಿನ ಮುಂದಾಳು.

ಕಸ್ತೂರೆವ್ವನ ಬಳೆ ಕಡ್ಡಿ ಬಣ್ಣದಲ್ಲಿತ್ತು. ಗುಂಪಿನಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಅದೇ ಗುಂಪಿನಲ್ಲಿದ್ದ ಅವಳ ಮೈದುನನ ಹೆಂಡತಿ ಶಿವಲೀಲಾ ಅಂತೂ ಅಪ್ಪಟ ಬಿಳಿಗಾಯಿ. ಎರಡನೆಯ ಹೆರಿಗೆಯ ನಂತರ ಆ ಹುಡುಗಿ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದಳು. ನೆಗೆಣ್ಣಿಯ ಆ ಬಿಳಿ ಕೈ ನೋಡಿದಾಗಲೆಲ್ಲ ಕಸ್ತೂರೆವ್ವನಿಗೆ ಅಯ್ಯೋ ಪಾಪ ಎನಿಸುತ್ತಿತ್ತು, ಜೊತೆಗೆ ಒಂದಿಷ್ಟು ಸಮಾಧಾನವೂ ಆಗುತ್ತಿತ್ತು.

ಆಗ ಗುಳಿಗೆ ಬಂತು.

ರಕ್ತಸತ್ವ ಕೇಂದ್ರದವರು ಬಳೆ ತೊಟ್ಟ ಪ್ರತಿಯೊಬ್ಬಳಿಗೂ ಒಂದೊಂದು ಪುಟ್ಟ ಪೆಟ್ಟಿಗೆ ಕೊಟ್ಟರು. ಬೆಳಗ್ಗೆ ಪೆಟ್ಟಿಗೆ ಕೂಗುತ್ತದೆ, ಬಳೆಯ ಕೈ ಹತ್ತಿರ ತಂದರೆ ಒಂದು ಗುಳಿಗೆ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಕಬ್ಬಿಣಾಂಶದ ಹೊಸ ಗುಳಿಗೆ, ಮೇಲೆ ಕೆಂಪು ಸಕ್ಕರೆಯ ಲೇಪ. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಚಹಾದ ಜೊತೆ ನುಂಗಬಾರದು, ದಿನಾ ತಪ್ಪಿಸಬಾರದು.

ಶಿವಲೀಲಾಗೆ ಅದು ಒಗ್ಗಲಿಲ್ಲ. ನುಂಗಿದ ಗಳಿಗೆಗೆ ಹೊಟ್ಟೆ ತೊಳಸಿ ಬಚ್ಚಲಿಗೆ ಓಡುತ್ತಿದ್ದಳು. ಆದರೆ ಮನೆಯಲ್ಲಿ ಅವಳಿಗೆ ನಡೆದ ಉಪಚಾರವೇ ಉಪಚಾರ. ಅತ್ತೆ ಹಾಲವ್ವ ಅಂಜೂರ ನೆನೆಸಿಟ್ಟು ಕೊಟ್ಟಳು. ದಾಳಿಂಬೆ ಬಿಡಿಸಿ ಬಟ್ಟಲು ತುಂಬಿಸಿದಳು.

"ತಿನ್ನಬೇ ನನ್ನವ್ವಾ, ಗುಳಿಗಿ ಗಟ್ಟಿ ಐತಿ, ಬರೇ ಹೊಟ್ಟ್ಯಾಗ ತಡಿಯೂದಿಲ್ಲ," ಎಂದು ಬೆನ್ನು ಸವರಿದಳು.

ಕಸ್ತೂರೆವ್ವ ರೊಟ್ಟಿ ತಟ್ಟುತ್ತ ಅದನ್ನು ನೋಡಿದಳು. ಈ ಮನೆಗೆ ಬಂದು ಇಷ್ಟು ವರ್ಷವಾಗಿತ್ತು. ಅವಳಿಗೆ ಜ್ವರ ಬಂದಾಗ ಕಷಾಯ ಕೊಟ್ಟವರಿದ್ದರು, ಬೆನ್ನು ಸವರಿದವರು ಇರಲಿಲ್ಲ. ಗಟ್ಟಿಮುಟ್ಟಾದ ಹೆಂಗಸಿಗೆ ಯಾರು ದಾಳಿಂಬೆ ಬಿಡಿಸುತ್ತಾರೆ? ಹೊಟ್ಟೆಯೊಳಗೆ ಚುರ್ ಎಂದಿತು. ಅದು ಗುಳಿಗೆಯ ಉರಿಯಲ್ಲ.

ಅದೇ ವಾರ ಶಿವಲೀಲಾಳ ಬಳೆಯಲ್ಲಿ ತೆಳುವಾಗಿ ಕೆಂಪು ಕಂಡಿತು. ಹಾಲವ್ವ ಅವಳ ಕೈ ಹಿಡಿದು ಓಣಿಯವರಿಗೆಲ್ಲ ತೋರಿಸಿ ಬಂದಳು. ಬಿಳಿಗಾಯಿ ಗುಂಟೂರಾಯಿತು, ಗುಂಟೂರು ಕಡ್ಡಿಯಾಗುವುದು ಎಷ್ಟು ಹೊತ್ತು ಎಂದು ಕಸ್ತೂರೆವ್ವ ಲೆಕ್ಕ ಹಾಕಿದಳು.

ಹಾಲವ್ವನ ಮನೆಯಲ್ಲಿ ಒಂದು ಪದ್ಧತಿ. ಅಂಗಳ ಗುಡಿಸಿ, ಮೈ ತೊಳೆದು, ದೇವರಿಗೆ ದೀಪ ಹಚ್ಚುವವರೆಗೆ ಸೊಸೆಯರು ಬಾಯಿಗೆ ನೀರೂ ಹಾಕುವಂತಿಲ್ಲ. ಹಾಗಾಗಿ ಪೆಟ್ಟಿಗೆ ಕೂಗಿದಾಗ ಬಿದ್ದ ಗುಳಿಗೆ ದೀಪ ಹಚ್ಚುವತನಕ ಬಟ್ಟಲಲ್ಲೇ ಕಾಯುತ್ತಿತ್ತು. ಇತರ ದಿನಗಳಲ್ಲಿ ಶಿವಲೀಲಾ ಅಲ್ಲೇ ಅಡುಗೆಮನೆಯಲ್ಲಿ ಸುತ್ತಾಡುತ್ತಿದ್ದಳು. ಆದರೆ ಆ ಓಣಿಗೆ ನಲ್ಲಿನೀರು ಬರುತ್ತಿದ್ದುದು ಒಂದು ದಿನ ಬಿಟ್ಟು ಒಂದು ದಿನ. ಮನೆಯ ನಲ್ಲಿಯಲ್ಲಿ ನೀರು ಏರುತ್ತಿರಲಿಲ್ಲ, ಓಣಿಯ ತುದಿಯ ನಲ್ಲಿಗೇ ಹೋಗಬೇಕು. ನೀರು ಬಂದ ದಿನ ಕೊಡ ಹೊತ್ತು ಓಡುವುದು ಕಿರಿಯ ಸೊಸೆಯ ಪಾಲು. ಆಗ ಬಟ್ಟಲ ಹತ್ತಿರ ಕಸ್ತೂರೆವ್ವ ಒಬ್ಬಳೇ.

ಮೂಲೆಯ ಅಂಗಡಿಯಲ್ಲಿ ಅದೇ ಗಾತ್ರದ, ಅದೇ ಬಣ್ಣದ ಪೆಪ್ಪರಮೆಂಟ್ ಸಿಗುತ್ತಿತ್ತು. ನೀರು ಬಂದ ದಿನ ಬಟ್ಟಲಿನ ಗುಳಿಗೆ ಕಸ್ತೂರೆವ್ವನ ಸೆರಗಿನ ಗಂಟಿಗೆ, ಪೆಪ್ಪರಮೆಂಟ್ ಬಟ್ಟಲಿಗೆ. ಶಿವಲೀಲಾ ಕೊಡ ಇಳಿಸಿ, ದೀಪ ಹಚ್ಚಿ, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ನುಂಗುತ್ತಿದ್ದಳು. ವಾಂತಿಯ ಹೆದರಿಕೆಯಲ್ಲಿ ರುಚಿ ನೋಡುವವರು ಯಾರು?

ದೀಪ ಹಚ್ಚಿದ ಮೇಲೆ ಕಸ್ತೂರೆವ್ವ ತನ್ನ ಗುಳಿಗೆ ಒಂದು, ನೆಗೆಣ್ಣಿಯದು ಒಂದು, ಎರಡನ್ನೂ ಬಿಸಿ ಚಹಾದ ಜೊತೆ ನುಂಗಿದಳು. ಚಹಾ ಇಲ್ಲದೆ ಅವಳಿಗೆ ಏನೂ ಇಳಿಯುತ್ತಿರಲಿಲ್ಲ. ಹೊಟ್ಟೆ ಕಲ್ಲಾಯಿತು. ನಾಲಿಗೆಯ ಮೇಲೆ ಮೊಳೆ ನೆಕ್ಕಿದ ರುಚಿ ಕೂತಿತು. ಇರಲಿ, ಡಬ್ಬಿಯಾಗುತ್ತೇನಲ್ಲ ಎಂದುಕೊಂಡಳು.

ಊರ ಹೊರಗೆ, ಮೋಟೆಬೆನ್ನೂರಿನ ದಾರಿಯಲ್ಲಿ, ಹಳೆಯ ಕೋಲ್ಡ್ ಸ್ಟೋರೇಜ್ ಕಟ್ಟಡವೊಂದರ ಮಹಡಿಯ ಮೇಲೆ ರಕ್ತಸತ್ವ ಕೇಂದ್ರದ ನಿಯಂತ್ರಣ ಕೊಠಡಿ ಇತ್ತು. ಗೋಡೆಯ ತುಂಬ ಪರದೆ. ಊರಿನ ಒಂದೊಂದು ಬಳೆಗೂ ಒಂದೊಂದು ಗೆರೆ. ಡಾಕ್ಟರ್ ಮೈಥಿಲಿ ಕೊಪ್ಪೀಕರ ಶಾಲು ಹೊದ್ದು ಅದರ ಮುಂದೆ ಕೂಡುತ್ತಿದ್ದಳು. ಬಳೆ ಅವಳ ಕೂಸು. ಆದರೆ ಪತ್ರಿಕೆಗಳಲ್ಲಿ ಫೋಟೋ ಬರುತ್ತಿದ್ದುದು ಗುಳಿಗೆ ಮಾಡಿದ ಡಾಕ್ಟರ್ ಅಭಿಜಿತ್ ನಾಡಿಗೇರನದು. ಇಬ್ಬರೂ ಒಂದೇ ವರ್ಷ ಓದಿದವರು. ಅವನು ರಾಜಧಾನಿಯಲ್ಲಿ ಬಿರುದು ಬಾವಲಿ ಪಡೆಯುತ್ತಿದ್ದ, ಇವಳು ಇಲ್ಲಿ ಮೆಣಸಿನಕಾಯಿಯ ಘಾಟಿಗೆ ಸೀನುತ್ತಿದ್ದಳು. ಅವನ ಹೆಸರು ಕೇಳಿದರೆ ಮೈಥಿಲಿಗೆ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ಸಹಾಯಕ ಇರ್ಫಾನನಿಗೆ ಗೊತ್ತಿತ್ತು.

"ಮೇಡಂ, ಈ ಮನಿ ನೋಡ್ರಿ," ಎಂದ ಇರ್ಫಾನ ಒಂದು ದಿನ. "ಇಬ್ಬರು ಸೊಸೆಂದ್ರು. ಇಬ್ಬರ ಪೆಟಗಿನೂ ದಿನಾ ಗುಳಿಗಿ ಹಾಕೇತಿ. ಒಂದು ಗೆರಿ ಊರಾಗ ಎಲ್ಲಾರಕಿಂತ ಜೋರ್ ಏರಾಕತ್ತೈತಿ. ಇನ್ನೊಂದು ಇಳಿಯಾಕತ್ತೈತಿ."

ಮೈಥಿಲಿ ಕನ್ನಡಕ ಏರಿಸಿ ನೋಡಿದಳು. ನಾಡಿಗೇರನ ಗುಳಿಗೆಯ ಬಗ್ಗೆ ಅವಳಿಗೆ ಮೊದಲಿನಿಂದ ಒಂದು ಅನುಮಾನವಿತ್ತು. ನಮ್ಮ ಮೈ ಕಬ್ಬಿಣವನ್ನು ಬಂದಷ್ಟೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕರುಳಿನ ಬಾಗಿಲಿಗೆ ಹೆಪ್ಸಿಡಿನ್ ಎಂಬ ಹಾರ್ಮೋನಿನ ಕಾವಲಿದೆ. ಒಂದು ಗುಳಿಗೆಯ ಕಬ್ಬಿಣ ಒಳಗೆ ಬಂದ ಕೂಡಲೇ ಕಾವಲಿನವನು ಅಗಳಿ ಹಾಕುತ್ತಾನೆ. ಮಾರನೆಯ ದಿನವೂ ಅದು ಪೂರ್ತಿ ತೆರೆಯುವುದಿಲ್ಲ. ಆಗ ನುಂಗಿದ್ದರಲ್ಲಿ ಹೆಚ್ಚಿನದು ಕರುಳಿನಲ್ಲೇ ಉಳಿದು, ಹೊಟ್ಟೆ ಕೆಡಿಸಿ, ಕಪ್ಪಗೆ ಹೊರಗೆ ಹೋಗುತ್ತದೆ. ಅದಕ್ಕೇ ಹಿಂದೆ ದಿನ ಬಿಟ್ಟು ದಿನ ಗುಳಿಗೆ ಕೊಡುತ್ತಿದ್ದ ವೈದ್ಯರಿದ್ದರು. ನಾಡಿಗೇರ ತನ್ನ ಹೊಸ ಗುಳಿಗೆ ಕಾವಲಿನವನ ಕಣ್ಣಿಗೇ ಬೀಳುವುದಿಲ್ಲ, ದಿನಾ ನುಂಗಿದರೂ ನಡೆಯುತ್ತದೆ ಎಂದು ಸಾರಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಮೈಥಿಲಿಯೂ ಎರಡು ಕೈ ಸೇರಿಸಿದ್ದಳು.

"ಇಬ್ಬರದೂ ದಿನಾ ಬೆರಳಿನ ರಕ್ತ ತಗೊಂಡು ಬಾ," ಎಂದಳು.

ಹಾಲವ್ವನ ಮನೆಯಲ್ಲಿ ಅಷ್ಟರಲ್ಲಿ ಅನಾಹುತವಾಗಿತ್ತು. ಶಿವಲೀಲಾಳ ಬಳೆ ಕಡ್ಡಿಯನ್ನು ದಾಟಿ ಡಬ್ಬಿಯ ಕಡೆ ಹೊರಟಿತ್ತು. ವಾಂತಿ ನಿಂತಿತ್ತು. ಕೊಡ ಹೊತ್ತುಕೊಂಡು ಹಾಡುತ್ತ ಬರುತ್ತಿದ್ದಳು. ಎರಡೆರಡು ಗುಳಿಗೆ ನುಂಗುವ ಕಸ್ತೂರೆವ್ವನ ಬಳೆ ಕಡ್ಡಿಯಿಂದ ಗುಂಟೂರಿಗೆ ಇಳಿದಿತ್ತು. ಅವಳ ಮುಟ್ಟಿನ ಸ್ರಾವ ಈಚೆಗೆ ವಿಪರೀತವಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊರಗೆ ಹೋಗುವುದು ಹೆಚ್ಚಾಗಿ, ಒಳಗೆ ಬರುವ ಬಾಗಿಲಿಗೆ ಎರಡು ಅಗಳಿ ಬಿದ್ದು, ಮೇಲೆ ಚಹಾ ಬೇರೆ ಸುರಿದಾಗ ಬಣ್ಣ ಎಲ್ಲಿಂದ ಬರಬೇಕು?

ಆದರೆ ಕಸ್ತೂರೆವ್ವನಿಗೆ ಅಗಳಿಯ ವಿಚಾರ ಗೊತ್ತಿರಲಿಲ್ಲ. ಅವಳು ತನಗೆ ತಿಳಿದ ಹಾಗೆ ಕಾರಣ ಹುಡುಕಿದಳು. ನೆಗೆಣ್ಣಿ ಕದ್ದು ಏನಾದರೂ ತಿನ್ನುತ್ತಾಳೋ ಎಂದು ಬಚ್ಚಲತನಕ ಬೆನ್ನು ಹತ್ತಿದಳು. ಅಂಜೂರದ ಡಬರಿ ತಂದು ತನ್ನ ಹಾಸಿಗೆಯ ಹಿಂದೆ ಇಟ್ಟುಕೊಂಡಳು. ಕೊನೆಗೆ ಒಂದು ದಿನ ಕಾಯಿ ಮುರಿಯುತ್ತ ಕೂತಿದ್ದಾಗ ಥಟ್ಟನೆ ಹೊಳೆಯಿತು. ತಾನು ತಿನ್ನದೆ ಆಕೆ ಮಾತ್ರ ತಿನ್ನುತ್ತಿರುವುದು ಒಂದೇ ಒಂದು ಪದಾರ್ಥ. ಪೆಪ್ಪರಮೆಂಟ್!

ಅಂದಿನಿಂದ ಕಸ್ತೂರೆವ್ವನ ಕಟವಾಯಿ ಸದಾ ಕೆಂಪಗಿರುತ್ತಿತ್ತು. ಕಾಯಿಯ ರಾಶಿಯ ಮುಂದೆ ಕೂತು ಒಂದಾದ ಮೇಲೊಂದು ಪೆಪ್ಪರಮೆಂಟ್ ಚೀಪಿದಳು.

"ಯಾಕಬೇ ಕಸ್ತೂರೆವ್ವಾ, ಸಣ್ಣ ಹುಡುಗಿ ಆದೀ ಏನು?" ಎಂದು ಜೊತೆಯವರು ಕಾಡಿಸಿದರು.

"ಗಂಟಲು ಕೆಟ್ಟೈತಿ. ನಿಮ್ಮ ಕೆಲಸಾ ನೀವು ನೋಡ್ಕೋರಿ," ಎಂದು ಗದರಿದಳು. ಗದರುವಾಗ ಮೊದಲಿನ ಜೋರಿರಲಿಲ್ಲ. ರಾಶಿ ಹತ್ತಿದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಅದನ್ನು ಮರೆಮಾಚಲು ಯಾರಾದರೊಬ್ಬಳ ಭುಜದ ಮೇಲೆ ಕೈಯಿಟ್ಟು ಬೈಯುತ್ತಿದ್ದಳು.

ರಕ್ತದ ಪರೀಕ್ಷೆಯಲ್ಲಿ ಮೈಥಿಲಿಗೆ ಸಿಕ್ಕಿದ್ದು ವಿಚಿತ್ರವಾಗಿತ್ತು. ಕಸ್ತೂರೆವ್ವನ ಮೈಯಲ್ಲಿ ಕಾವಲಿನ ಹಾರ್ಮೋನು ಸದಾ ಏರಿಯೇ ಇತ್ತು. ಶಿವಲೀಲಾಳ ಮೈಯಲ್ಲಿ ಅದು ಒಂದು ದಿನ ಏರಿ, ಮರುದಿನ ಇಳಿಯುತ್ತಿತ್ತು. ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಆಗ ಮತ್ತೆ ಗುಳಿಗೆ ಬರುತ್ತದೆ. ಮೈಥಿಲಿ ಸ್ವತಃ ಹಾಲವ್ವನ ಮನೆಗೆ ಬಂದು ಶಿವಲೀಲಾಳನ್ನು ಕೇಳಿದಳು.

"ಗುಳಿಗೆ ದಿನಾ ತಗೋತೀಯೇನವಾ? ಮಧ್ಯ ಮಧ್ಯ ಬಿಡತೀಯೇನು? ನಾ ಏನೂ ಅನ್ನೂದಿಲ್ಲ, ಖರೇ ಹೇಳು."

"ಇಲ್ರೀ ಬಾಯಾರ್. ದೇವರಾಣಿ, ಒಂದು ದಿನಾನೂ ತಪ್ಪಿಸಿಲ್ರೀ. ಬೇಕಾದ್ರ ನಮ್ಮಕ್ಕನ್ನ ಕೇಳ್ರಿ, ದಿನಾ ನನ್ನ ಮುಂದ ಇರ್ತಾಳ."

ಬಾಗಿಲಲ್ಲಿ ನಿಂತಿದ್ದ ಕಸ್ತೂರೆವ್ವ ಮುಂದೆ ಬಂದಳು. "ಹೂನ್ರಿ," ಎಂದಳು. "ದಿನಾ ನುಂಗ್ತಾಳ್ರಿ." ಮೈಥಿಲಿಯ ಕಣ್ಣು ಅವಳ ಬಳೆಯ ಮೇಲೆ ಬಿತ್ತು. ಕಸ್ತೂರೆವ್ವ ಸೆರಗು ಎಳೆದುಕೊಂಡಳು.

ಇನ್ನೂ ಸ್ವಲ್ಪ ದಿನ ನೋಡಬೇಕು, ಯಾರಾದರೂ ಬಟ್ಟಲ ಹತ್ತಿರವೇ ಕೂತು ನೋಡಬೇಕು ಎಂದು ಮೈಥಿಲಿ ಬರೆದು ಕಳಿಸಿದಳು. ನಾಡಿಗೇರನಿಗೆ ಪುರುಸೊತ್ತಿರಲಿಲ್ಲ. ತನ್ನ ಗುಳಿಗೆ ಕಾವಲಿನವನ ಕಣ್ಣಿಗೆ ಬೀಳುತ್ತದೆಂದು ಒಪ್ಪಿಕೊಳ್ಳುವುದಕ್ಕಿಂತ, ಈ ಹೆಂಗಸಿನ ಮೈಯೇ ಬೇರೆ ಎನ್ನುವುದು ಅವನಿಗೆ ಸುಲಭವಾಗಿತ್ತು. ಹುಟ್ಟಿನಿಂದಲೇ ದಿನ ಬಿಟ್ಟು ದಿನ ಬಾಗಿಲು ತೆರೆಯುವ ಅಪರೂಪದ ಕರುಳು ಎಂದು ತೀರ್ಮಾನಿಸಿದ. ಅದಕ್ಕೆ 'ಶಿವಲೀಲಾ ಲಯ' ಎಂದು ಹೆಸರನ್ನೂ ಇಟ್ಟುಬಿಟ್ಟ. ಉಳಿದ ಹೆಂಗಸರು ಎಂದಿನಂತೆ ದಿನಾ ನುಂಗಲಿ, ಆಕೆಯನ್ನು ಮಾತ್ರ ರಾಜಧಾನಿಗೆ ಕರೆಸಿಕೊಂಡು ಪರೀಕ್ಷಿಸೋಣ ಎಂದ. ಮೈಥಿಲಿ ಪರದೆಯ ಮುಂದೆ ಕೂತು ಊರಿನ ಉಳಿದ ಗೆರೆಗಳನ್ನು ನೋಡಿದಳು. ಹೆಚ್ಚಿನವು ಏಳಲೋ ಬೇಡವೋ ಎಂಬಂತೆ ತೆವಳುತ್ತಿದ್ದವು. ಎಷ್ಟೋ ಹೆಂಗಸರು ಹೊಟ್ಟೆನೋವು ತಾಳದೆ ಪೆಟ್ಟಿಗೆಯನ್ನೇ ಮೂಲೆಗೆ ಎಸೆದಿದ್ದರು.

ಹಂಗಾಮು ಶುರುವಾಗುವ ದಿನವೇ ಮಾರುಕಟ್ಟೆಯ ಅಂಗಳದಲ್ಲಿ ಕೇಂದ್ರದವರು ಶಿವಲೀಲಾಳ ಸನ್ಮಾನಕ್ಕೆ ಸಮಾರಂಭ ಇಟ್ಟುಕೊಂಡರು. ಬೆಳಗ್ಗೆ ಬಳೆ ನೋಡಿ ಮುಂದಾಳುಗಳ ನೇಮಕ ಮುಗಿಯಿತು. ಶಿವಲೀಲಾ ಡಬ್ಬಿ. ಕಸ್ತೂರೆವ್ವ ಬಿಳಿಗಾಯಿಯ ಅಂಚಿನಲ್ಲಿದ್ದಳು. ತಾನು ವರ್ಷಗಟ್ಟಲೆ ನಿಂತ ಕಟ್ಟೆಯ ಮೇಲೆ ನೆಗೆಣ್ಣಿಯನ್ನು ನಿಲ್ಲಿಸಿ, ತನ್ನನ್ನು ಕೆಳಗೆ ಕೂಡಿಸಿದಾಗ ಕಸ್ತೂರೆವ್ವ ಬಳೆಯ ಕೈಯನ್ನು ಸೆರಗಿನಡಿ ಎಳೆದುಕೊಂಡಳು. ಮೆಣಸಿನಕಾಯಿ ಮುಟ್ಟದೆಯೇ ಅವಳ ಕಣ್ಣು ಉರಿಯುತ್ತಿದ್ದವು.

ಮಧ್ಯಾಹ್ನ ಪೆಂಡಾಲಿನಲ್ಲಿ ನಾಡಿಗೇರ ಮೈಕಿನ ಮುಂದೆ ನಿಂತ. ಒಂದು ಕುರ್ಚಿಯಲ್ಲಿ ಶಿವಲೀಲಾ, ಹೊಸ ಇಳಕಲ್ ಸೀರೆಯಲ್ಲಿ. ಇನ್ನೊಂದರಲ್ಲಿ ಮೈಥಿಲಿ, ನಗಲೇಬೇಕಾದ ಮುಖ ಹೊತ್ತುಕೊಂಡು. ಹೆಂಗಸರೆಲ್ಲ ಕೆಳಗೆ ಜಮಖಾನೆಯ ಮೇಲೆ.

"ನಾವು ಪ್ರಯೋಗಶಾಲೆಯಲ್ಲಿ ಸಾಧಿಸಲಾರದ್ದನ್ನು ಈ ತಾಯಿಯ ದೇಹ ಸಾಧಿಸಿದೆ," ಎಂದ ನಾಡಿಗೇರ. "ಒಂದು ದಿನ ಗುಳಿಗೆಯನ್ನು ಸ್ವೀಕರಿಸುತ್ತದೆ, ಮರುದಿನ ವಿಶ್ರಾಂತಿ ಪಡೆಯುತ್ತದೆ. ಒಂದು ದಿನ ಬಿಟ್ಟು ಒಂದು ದಿನ. ಲಕ್ಷದಲ್ಲಿ ಒಬ್ಬರಿಗೆ ಇರುವ ಭಾಗ್ಯ ಇದು. ಈ ಲಯಕ್ಕೆ ಇನ್ನು ಮುಂದೆ ಜಗತ್ತಿನ ಪುಸ್ತಕಗಳಲ್ಲಿ ಇವರದೇ ಹೆಸರು ಇರುತ್ತದೆ. ಮುಂದಿನ ವಾರ ಇವರನ್ನು ವಿಮಾನದಲ್ಲಿ ಕರೆದುಕೊಂಡು ಹೋಗುತ್ತೇವೆ."

ಹಾಲವ್ವ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು. ಕಸ್ತೂರೆವ್ವ ಚಪ್ಪಾಳೆ ತಟ್ಟಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಎಂಬ ಮಾತು ಅವಳ ಕಿವಿಯಲ್ಲೇ ನಿಂತುಬಿಟ್ಟಿತು. ಅದು ಯಾರ ಲಯ? ನೀರು ಬಂದ ದಿನ ಬಟ್ಟಲಿಗೆ ಕೈ ಹಾಕಿದವರು ಯಾರು? ಕಟ್ಟೆ ಹೋಯಿತು, ಅತ್ತೆಯ ದಾಳಿಂಬೆಯೂ ಆಕೆಗೇ ಹೋಯಿತು, ಮೈಯಲ್ಲಿದ್ದ ರಕ್ತ ಹೋಯಿತು. ಈಗ ತಾನು ಮಾಡಿದ ಕೆಲಸದ ಹೆಸರೂ ಆಕೆಗೇ? ಕಳ್ಳತನ ಹೊರಗೆ ಬಿದ್ದೀತೆಂಬ ಭಯಕ್ಕಿಂತ ಈ ಸಂಕಟ ದೊಡ್ಡದಾಗಿತ್ತು. ಕಸ್ತೂರೆವ್ವ ಎದ್ದು ನಿಂತಳು.

"ಸುಳ್ಳೈತ್ರಿ ಅದು! ಆಕಿ ಮೈಯಾಗ ಏನೂ ಇಲ್ಲ. ಅದನ್ನ ಮಾಡಿದಾಕಿ ನಾನು!"

"ಯಾರಮ್ಮ ನೀವು? ದಯವಿಟ್ಟು ಕೂತುಕೊಳ್ಳಿ," ಎಂದ ನಾಡಿಗೇರ.

"ಕೂಡೂದಿಲ್ರಿ. ಮುಂಜಾನಿಂದ ಕುಂತೇ ಅದೀನಿ. ನೀರ ಬಂದ ದಿನಾ ಆಕಿ ಗುಳಿಗಿ ಕದ್ದಾಕಿ ನಾನು. ಬಟ್ಟಲದಾಗ ಪೆಪ್ಪರಮೆಂಟ್ ಇಟ್ಟಾಕಿ ನಾನು. ಆಕಿ ಒಂದು ದಿನಾ ಗುಳಿಗಿ ನುಂಗ್ಯಾಳ, ಒಂದು ದಿನಾ ಪೆಪ್ಪರಮೆಂಟ್ ನುಂಗ್ಯಾಳ. ಅದು ಆಕಿ ರಕ್ತದ ಗುಣಾ ಅಲ್ರೀ ಸಾಹೇಬ್ರ, ನನ್ನ ಕೈಗುಣಾ! ಹೆಸರು ಇಡೂದಾದ್ರ ನಂದು ಇಡ್ರಿ!"

ಪೆಂಡಾಲಿನಲ್ಲಿ ಯಾರೂ ನಗಲಿಲ್ಲ. ಶಿವಲೀಲಾ ಕುರ್ಚಿಯಿಂದೆದ್ದು ವೇದಿಕೆಯ ಅಂಚಿಗೆ ಬಂದಳು.

"ಯಾಕಕ್ಕಾ? ನಾ ಸಾಯ್ಲಿ ಅಂತ ಮಾಡಿದೇನು?"

"ಸಾಯ್ಲಿ ಅಂತ ಯಾರಂದ್ರು?" ಕಸ್ತೂರೆವ್ವನಿಗೆ ನಿಜಕ್ಕೂ ಸಿಟ್ಟು ಬಂತು. "ನೀ ಯಾಕ ಸಾಯ್ಬೇಕು? ನನಕಿಂತ ಒಂದು ಬಣ್ಣ ಕಮ್ಮಿ ಇರ್ಲಿ ಅಂತ ಮಾಡ್ದೆ. ಅಷ್ಟ."

ಜಮಖಾನೆಯ ಮೇಲೆ ಕೂತಿದ್ದ ಹೆಂಗಸರಲ್ಲಿ ಕೆಲವರು ತಮ್ಮ ತಮ್ಮ ಬಳೆ ನೋಡಿಕೊಂಡರು. ಪಕ್ಕದವಳ ಬಳೆ ನೋಡಲು ಮಾತ್ರ ಯಾರಿಗೂ ಧೈರ್ಯವಾಗಲಿಲ್ಲ.

ಮೈಥಿಲಿ ಆಗಲೇ ಮೆಟ್ಟಿಲಿಳಿದು ಬಂದಿದ್ದಳು. ಕಸ್ತೂರೆವ್ವನ ಎರಡೂ ತೋಳು ಹಿಡಿದುಕೊಂಡು, "ನೀರು ಬಂದ ದಿನಾ ಮಾತ್ರ ಏನು? ಬ್ಯಾರೇ ದಿನಾ ಒಮ್ಮೆನೂ ಇಲ್ಲೇನು? ವಿಚಾರ ಮಾಡಿ ಹೇಳವಾ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕುಣಿಯುವಷ್ಟು ಸಂತೋಷವಿತ್ತು. ಅಪರೂಪದ ಕರುಳೂ ಇಲ್ಲ, ಭಾಗ್ಯವೂ ಇಲ್ಲ. ಕಾವಲಿನವನು ಎಲ್ಲರ ಮೈಯಲ್ಲೂ ಒಂದೇ. ಹಾಗಾದರೆ ಈ ಹುಡುಗಿಗೆ ಆದದ್ದು ಜಮಖಾನೆಯ ಮೇಲೆ ಕೂತ ಪ್ರತಿಯೊಬ್ಬಳಿಗೂ ಆಗಬಹುದು, ಅದೂ ಅರ್ಧದಷ್ಟೇ ಗುಳಿಗೆಗಳಲ್ಲಿ, ಹೊಟ್ಟೆನೋವಿಲ್ಲದೆ. ಆ ಸಂತೋಷದೊಳಗೆ ಮೈಕಿನ ಮುಂದೆ ಬೆಪ್ಪಾಗಿ ನಿಂತ ನಾಡಿಗೇರನ ಮುಖ ನೋಡಿದ ಸಂತೋಷವೂ ಸೇರಿತ್ತು. ಎಷ್ಟು ಪಾಲು ಯಾವುದೆಂದು ಬಿಡಿಸಿ ನೋಡುವ ಗೋಜಿಗೆ ಮೈಥಿಲಿ ಹೋಗಲಿಲ್ಲ. ಈ ಹೆಂಗಸು ಯಾಕೆ ಎದ್ದು ನಿಂತಳು ಎಂಬುದು ಆ ಪೆಂಡಾಲಿನಲ್ಲಿ ಅವಳೊಬ್ಬಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಊರಿನ ಪೆಟ್ಟಿಗೆಗಳೆಲ್ಲ ದಿನ ಬಿಟ್ಟು ದಿನ ಕೂಗುವಂತಾದವು. ಮೂಲೆಗೆ ಎಸೆದಿದ್ದವರೂ ಎತ್ತಿಕೊಂಡು ಬಂದರು. ಗೆರೆಗಳು ಏಳತೊಡಗಿದವು. ವರದಿಯಲ್ಲಿ ಹೆಸರು ಯಾರದೂ ಬರಲಿಲ್ಲ. ಮೈಥಿಲಿ 'ನೀರಿನ ದಿನದ ಪದ್ಧತಿ' ಎಂದು ಬರೆದಳು. ಕಸ್ತೂರೆವ್ವನಿಗೆ ಅದರ ಮೇಲೂ ಸಿಟ್ಟೇ. ಮನೆಯಲ್ಲಿ ಹಾಲವ್ವ ಬಹಳ ದಿನ ಅವಳ ಜೊತೆ ಮಾತು ಬಿಟ್ಟಳು. ಶಿವಲೀಲಾ ಮಾತಾಡಿದಳು, ಬೇಕಾದಷ್ಟೇ.

ಮೈಥಿಲಿ ಕಸ್ತೂರೆವ್ವನನ್ನು ಕರೆದುಕೊಂಡು ಹೋಗಿ ಸ್ರಾವಕ್ಕೆ ಔಷಧ ಕೊಡಿಸಿದಳು. ಬೆಳಗಿನ ಚಹಾ ಮುಂದಕ್ಕೆ ಹಾಕಿಸಿದಳು. ಒಂದೇ ದಿನ ಇಬ್ಬರ ಗುಳಿಗೆಯೂ ಬಟ್ಟಲಿಗೆ ಬಿದ್ದರೆ ಮತ್ತೆ ರಗಳೆಯಾದೀತೆಂದು, ನೀರು ಬರುವ ದಿನ ಕಸ್ತೂರೆವ್ವನಿಗೆ, ನೀರು ಬಾರದ ದಿನ ಶಿವಲೀಲಾಗೆ ಎಂದು ಪೆಟ್ಟಿಗೆ ಹೊಂದಿಸಿ ಹೋದಳು.

ಕಸ್ತೂರೆವ್ವನ ಬಳೆಗೆ ಬಣ್ಣ ಬಂತು. ನಿಧಾನಕ್ಕೆ ಗುಂಟೂರು, ಆಮೇಲೆ ಕಡ್ಡಿ. ರಾಶಿ ಹತ್ತಿದರೆ ಕತ್ತಲೆ ಕಟ್ಟುತ್ತಿರಲಿಲ್ಲ. ಕೆಳಗೆ ಕೂತು ಕಾಯಿ ಮುರಿಯುತ್ತಲೇ ಅವಳು ಒಂದು ಮಾತು ಹೇಳಿದರೆ ಹೆಂಗಸರು ಮೇಲೆ ನಿಂತ ಶಿವಲೀಲಾಳನ್ನು ಬಿಟ್ಟು ಅವಳ ಕಡೆ ತಿರುಗುತ್ತಿದ್ದರು. ಮುಂದಿನ ಹಂಗಾಮಿಗೆ ಕಟ್ಟೆ ಮತ್ತೆ ಕಸ್ತೂರೆವ್ವಂದೇ ಎಂದು ಗುಸುಗುಸು ಹಬ್ಬಿತು. ಶಿವಲೀಲಾ ಅದನ್ನು ಕೇಳಿಸಿಕೊಂಡಳು. ಬೆಳಗ್ಗೆ ಎದ್ದ ಕೂಡಲೇ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಅಕ್ಕನ ಮುಂಗೈಗೆ.

ನೀರು ಬಾರದ ಒಂದು ದಿನ. ದೀಪ ಹಚ್ಚಿ ಆಗಿತ್ತು. ಶಿವಲೀಲಾ ತನ್ನ ಬಟ್ಟಲಿಗೆ ಬಿದ್ದ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಕಸ್ತೂರೆವ್ವನ ಮುಂದೆ ಬಂದು ನಿಂತಳು.

"ಅಕ್ಕಾ, ಇದನ್ನ ನೀ ತಗೋ. ನಂಗ ಸಾಕಾಗೇತಿ, ಡಬ್ಬಿ ಆಗೇನಿ. ದಿನಾ ಒಂದು ತಗೊಂಡಿ ಅಂದ್ರ ನಿಂಗ ಲಗೂ ಏರ್ತೈತಿ."

ಎಷ್ಟು ಪ್ರೀತಿಯ ಮಾತು! ಒಲೆಯ ಮುಂದಿದ್ದ ಹಾಲವ್ವನ ಮನಸ್ಸು ತುಂಬಿ ಬಂತು. ಕಸ್ತೂರೆವ್ವ ಗುಳಿಗೆಯನ್ನು ನೋಡಿದಳು. ನಿನ್ನೆಯಷ್ಟೇ ತನ್ನದನ್ನು ನುಂಗಿದ್ದಳು. ಇವತ್ತು ಒಂದು ನುಂಗಿದರೆ ಬಾಗಿಲಿಗೆ ಅಗಳಿ ಬೀಳುತ್ತದೆಂದು ಈಗ ಆ ಊರಿನಲ್ಲಿ ಕೂಸಿಗೂ ಗೊತ್ತು. ಡಬ್ಬಿ ಬಳೆಯ ಶಿವಲೀಲಾಗೆ ಗೊತ್ತಿಲ್ಲವೇ? ಕಸ್ತೂರೆವ್ವ ಮುಖ ಎತ್ತಿ ನೆಗೆಣ್ಣಿಯನ್ನು ನೋಡಿದಳು. ನಗುವ ತುಟಿ, ತನ್ನ ಬಳೆಯ ಕಡೆಗೇ ಜಾರುವ ಕಣ್ಣು. ಆ ಕಣ್ಣಿನ ಉರಿ ಕಸ್ತೂರೆವ್ವನಿಗೆ ಚೆನ್ನಾಗಿ ಪರಿಚಯವಿತ್ತು.

ಬೈಯಬೇಕೆಂದು ಬಾಯಿ ತೆರೆದಳು, ಬೈಗುಳ ಬರಲಿಲ್ಲ. ಈ ಮನೆಯಲ್ಲಿ ತನ್ನನ್ನು ಕಂಡು ಯಾರಾದರೂ ಹೊಟ್ಟೆ ಉರಿದುಕೊಂಡದ್ದು ಇದೇ ಮೊದಲು. ದಾಳಿಂಬೆ ಸಿಕ್ಕಿದ್ದರೂ ಅವಳಿಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ. ಲೋಟ ತೆಗೆದುಕೊಂಡು ಅರ್ಧ ನೀರು ಕುಡಿದಳು. ಶಿವಲೀಲಾಳ ಬೆರಳುಗಳನ್ನು ಗುಳಿಗೆಯ ಮೇಲೆ ತಾನೇ ಮಡಿಸಿದಳು.

"ನಂದು ನಿನ್ನಿ ಆತು. ಇದು ನಿಂದು," ಎಂದಳು. "ನುಂಗು, ನನ್ನ ಮುಂದ ನುಂಗು."

ಶಿವಲೀಲಾಳ ಮುಖ ಕಿವಿಯತನಕ ಕೆಂಪಾಯಿತು. ತಲೆ ತಗ್ಗಿಸಿ ಉಳಿದ ನೀರಿನಲ್ಲಿ ಗುಳಿಗೆ ನುಂಗಿದಳು. ಕಸ್ತೂರೆವ್ವ ಅವಳ ಬೆನ್ನ ಮೇಲೆ ಕೈಯಿಟ್ಟು ನಿಧಾನಕ್ಕೆ ಸವರಿದಳು.